ವಾಸನೆಯ ವಾರಸುದಾರ

ನಮ್ಮ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಗೂ ಚಹಾ ಅಂಗಡಿಗೂ ನಡುವೆ ಒಂದು ಕೋಣೆಯಿದೆ. ಬಾಗಿಲ ಮೇಲೆ ‘ವಾರಸುದಾರರಿಲ್ಲದ ವಸ್ತುಗಳು’ ಎಂದು ಬರೆದಿದೆ. ಹೊಸಬರು ಅದನ್ನು ಓದಿಕೊಂಡು ಒಳಗೆ ಇಣುಕಿದರೆ ಮೊದಲು ಕಾಣುವ ವಸ್ತು ಪತ್ತೆರಾಯರು.

ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಉಳಿದ ದಿನಗಳಲ್ಲಿ ಡ್ರೈವರು, ಕಂಡಕ್ಟರು, ಸ್ವಂತ ಹೆಂಡತಿ, ಎಲ್ಲರ ಬಾಯಲ್ಲೂ ಅವರು ಪತ್ತೆರಾಯರೇ. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ವಸ್ತುವನ್ನು ಅವರ ಮುಂದಿಟ್ಟರೆ ಸಾಕು, ತಿರುಗಿಸಿ ನೋಡಿ, ಕಣ್ಣು ಕಿರಿದು ಮಾಡಿ, ಅದರ ಒಡೆಯನ ಜಾತಕವನ್ನೇ ಬಿಚ್ಚಿಡುತ್ತಿದ್ದರು. ‘ಈ ಕೊಡೆಯವನು ಎಡಗೈಯವನು. ಕುಳ್ಳ. ಮನೆಯಲ್ಲಿ ಜಗಳ ಆಡ್ಕೊಂಡು ಬಂದಿದ್ದಾನೆ.’ ಮಾರನೆಯ ದಿನ ಕೊಡೆ ಕೇಳಿಕೊಂಡು ಆರಡಿ ಎತ್ತರದ ಹೆಂಗಸೊಬ್ಬಳು ಬರುತ್ತಿದ್ದಳು. ‘ಕೊಡೆ ನಿಮ್ಮ ಯಜಮಾನರದ್ದು ಅಲ್ವಾ?’ ಎಂದು ಪತ್ತೆರಾಯರು ಕೇಳುತ್ತಿದ್ದರು. ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಯಾರು ತಾನೆ ವಾದಕ್ಕೆ ನಿಲ್ಲುತ್ತಾರೆ? ಅವಳು ಹೌದೆಂದು ತಲೆಯಾಡಿಸಿ ಓಡುತ್ತಿದ್ದಳು. ಹೀಗಾಗಿ ಅಷ್ಟು ವರ್ಷಗಳ ಸೇವೆಯಲ್ಲಿ ಅವರು ಒಮ್ಮೆಯೂ ಸೋತಿರಲಿಲ್ಲ.

ವಸ್ತು ಬೇಕೆಂದು ಬಂದವರಿಗೆ ಅವರದ್ದೊಂದು ಪ್ರಶ್ನೆ ಕಾದಿರುತ್ತಿತ್ತು. ‘ಹೊರಗೆ ಕಾಣದ ಗುರುತು ಹೇಳಿ.’ ಬಣ್ಣ, ಉದ್ದ, ಅಗಲ ಯಾರು ಬೇಕಾದರೂ ಕಿಟಕಿಯಿಂದ ನೋಡಿ ಹೇಳಬಹುದು. ಒಡೆಯನಾದವನಿಗೆ ಒಳಗಿನದ್ದು ಗೊತ್ತಿರಬೇಕು. ಈ ನಿಯಮ ನಿಲ್ದಾಣದ ಗೋಡೆಗಳಿಗೂ ಬಾಯಿಪಾಠವಾಗಿತ್ತು.

ಒಂದು ಭಾನುವಾರ ಪತ್ತೆರಾಯರು ಹೆಂಡತಿಯನ್ನು ಕರೆದುಕೊಂಡು, ಷಡ್ಡಕನ ಸಂಸಾರದ ಜೊತೆ ಸಮುದ್ರತೀರಕ್ಕೆ ಹೋದರು. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ, ಬ್ಯಾಂಕಿನಲ್ಲಿ ಅಧಿಕಾರಿ. ಪತ್ತೆರಾಯರ ಬಾಳಿನಲ್ಲಿ ಹೇಳಿಕೊಳ್ಳುವಂಥ ಬೇರೆ ದುಃಖ ಇರಲಿಲ್ಲ.

ಹಿಂದಿನ ದಿನ ಬಿರುಗಾಳಿ ಎದ್ದು ಅಡಗಿತ್ತು. ಮರಳಿನ ಮೇಲೆ ಎಲ್ಲಿ ನೋಡಿದರೂ ಗೇಣುದ್ದದ, ಎರಡು ಬೆರಳಗಲದ, ತುಸು ಬಾಗಿದ ಕಂದು ವಸ್ತುಗಳು ಬಿದ್ದಿದ್ದವು. ಷಡ್ಡಕನ ಮಗಳು ಒಂದನ್ನು ಎತ್ತಿಕೊಂಡು ಓಡಿಬಂದಳು.

‘ಚಿಕ್ಕಪ್ಪಾ, ಇದೇನು?’

ಅವಳು ಕೇಳಿದ್ದು ಪತ್ತೆರಾಯರನ್ನು. ಉತ್ತರ ಕೊಟ್ಟದ್ದು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ್ದ ಷಡ್ಡಕ. ‘ಯಾವುದೋ ಚಿಪ್ಪು ಬಿಡು ಪುಟ್ಟಿ.’

ಉತ್ತರ ಸರಿಯಾಗಿಯೇ ಇತ್ತು. ಆದರೆ ಹೇಳಿದವನು ಷಡ್ಡಕನಾದ್ದರಿಂದ ಅದು ಸರಿಯಾಗಿರುವ ಸಾಧ್ಯತೆಯೇ ಪತ್ತೆರಾಯರಿಗೆ ಹೊಳೆಯಲಿಲ್ಲ.

‘ಚಿಪ್ಪಂತೆ!’ ಅವರು ಆ ವಸ್ತುವನ್ನು ಬೆಳಕಿಗೆ ಹಿಡಿದರು. ‘ಭಾವ, ಚಿಪ್ಪು ಅಂದ್ರೆ ದುಂಡಗಿರುತ್ತೆ. ಇದನ್ನ ನೋಡಿ. ಎರಡು ಪಟ್ಟಿ. ಒಂದು ಪಕ್ಕದಲ್ಲಿ ಮಡಚೋ ಕೀಲು, ಇನ್ನೊಂದು ಪಕ್ಕ ಬಾಯಿ. ಹಳೇ ಕಾಲದ ಕ್ಷೌರದ ಕತ್ತಿ ನೋಡಿದ್ದೀರಾ? ಅದನ್ನ ಮಡಚಿ ಇಡೋ ಹಿಡಿ ಇದು.’

‘ಕತ್ತಿ ಎಲ್ಲಿ?’ ಎಂದಿತು ಟೋಪಿ.

‘ಉಪ್ಪುನೀರಲ್ಲಿ ತುಕ್ಕು ಹಿಡಿದು ಹೋಗಿದೆ.’

‘ಊರಿಗೆ ಊರೇ ಸಮುದ್ರಕ್ಕೆ ಬಂದು ಗಡ್ಡ ಹೆರ್ಕೊಂಡು ಹೋಯ್ತಾ?’

ಹೆಂಡತಿಯ ಅಕ್ಕ ನಕ್ಕಳು. ಅದನ್ನು ಪತ್ತೆರಾಯರು ಸಹಿಸಿಯಾರು. ಆದರೆ ಹೆಂಡತಿಯೂ ಸೆರಗಿನ ಮರೆಯಲ್ಲಿ ನಕ್ಕುಬಿಟ್ಟಳು. ಹಿಂದಕ್ಕೆ ಸರಿಯುವ ದಾರಿ ಅಲ್ಲಿಗೆ ಮುಚ್ಚಿತು.

‘ಹಡಗು ಮುಳುಗಿದೆ,’ ಎಂದರು ಪತ್ತೆರಾಯರು ಗಂಭೀರವಾಗಿ. ‘ಪೆಟ್ಟಿಗೆ ಪೆಟ್ಟಿಗೆ ಕ್ಷೌರದ ಕತ್ತಿ ತುಂಬ್ಕೊಂಡು ಬರ್ತಿದ್ದ ಹಡಗು. ನಿನ್ನೆ ಗಾಳಿಗೆ ಸರಕು ದಡಕ್ಕೆ ಬಂದಿದೆ.’

‘ಹಡಗಾ!’ ಹುಡುಗಿಯ ಕಣ್ಣು ಅಗಲವಾಯಿತು. ಅವಳು ಓಡಿಹೋಗಿ ಇನ್ನೊಂದನ್ನು ತಂದಳು. ಇದು ಮುಚ್ಚಿಕೊಂಡಿತ್ತು, ತೂಕವಾಗಿತ್ತು. ಪತ್ತೆರಾಯರು ಕೈಗೆ ತೆಗೆದುಕೊಂಡ ಕೂಡಲೇ ಅದರ ತುದಿಯಿಂದ ಚಿಳ್ಳೆಂದು ನೀರು ಹಾರಿ ಅವರ ಅಂಗಿ ನೆನೆಯಿತು.

‘ಚಿಕ್ಕಪ್ಪಾ, ಇದು ಉಗೀತು!’

‘ಉಗಿಯೋದಲ್ಲ ಪುಟ್ಟಿ. ಕೀಲಿಗೆ ಎಣ್ಣೆ ಬಿಟ್ಟಿರ್ತಾರೆ. ಅದು ಹೊರಗೆ ಬಂತು.’

‘ತುದೀಲಿ ಏನೋ ಮೆತ್ತಗಿದೆ. ಅಲ್ಲಾಡ್ತಿದೆ.’

‘ಚರ್ಮದ ಪಟ್ಟಿ. ಕತ್ತಿ ಮಸೆಯೋದಕ್ಕೆ. ಗಾಳಿಗೆ ಅಲ್ಲಾಡುತ್ತೆ.’

ಇಷ್ಟು ಹೇಳಿದ ಮೇಲೆ ಕರ್ತವ್ಯ ಕರೆಯದೆ ಇದ್ದೀತೆ? ಹೆಂಡತಿಯ ಟವೆಲ್ ಚೀಲ ಬರಿದಾಯಿತು, ಪತ್ತೆರಾಯರು ಬಗ್ಗಿ ಬಗ್ಗಿ ತುಂಬತೊಡಗಿದರು. ಬಾಯಿ ತೆರೆದ ಹಗುರ ಚಿಪ್ಪುಗಳನ್ನು ಬಿಸಾಡಿ, ಮುಚ್ಚಿದ, ಭಾರವಾದವನ್ನೇ ಆರಿಸಿದರು. ಅವುಗಳಲ್ಲಿ ಕತ್ತಿ ಇನ್ನೂ ಇತ್ತಲ್ಲ!

‘ರೀ, ಒದ್ದೆ ಬಟ್ಟೆ ಎಲ್ಲಿ ಹಾಕ್ಲಿ?’

‘ಇದು ಇಲಾಖೆ ಕೆಲಸ ಕಣೇ.’

‘ಭಾನುವಾರವಾ?’

‘ಹಡಗು ವಾರ ನೋಡ್ಕೊಂಡು ಮುಳುಗುತ್ತಾ?’

ಹುಡುಗಿ ಒಂದನ್ನು ಶಾಲೆಗೆಂದು ಕೇಳಿ ಇಟ್ಟುಕೊಂಡಳು. ಇಲಾಖೆಯ ಆಸ್ತಿಯಾದರೂ ಮಗುವಿನ ವಿದ್ಯೆಗಾಗಿ ಪತ್ತೆರಾಯರು ಉದಾರವಾಗಿ ಬಿಟ್ಟುಕೊಟ್ಟರು.

ಸೋಮವಾರ ಅವರು ಚೀಲವನ್ನು ಮ್ಯಾನೇಜರ ಮುಂದಿಟ್ಟರು. ಈ ಮ್ಯಾನೇಜರು ಯಾವುದಕ್ಕೂ ಹೂಂ ಎಂದವರಲ್ಲ, ಊಹೂಂ ಎಂದವರೂ ಅಲ್ಲ. ಹಡಗಿನ ಕಥೆ ಕೇಳಿ ‘ನೋಡೋಣ’ ಎಂದರು. ಪತ್ತೆರಾಯರ ಲೆಕ್ಕದಲ್ಲಿ ಅದು ಅಪ್ಪಣೆ. ಅವರು ವಸ್ತುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ದಾರ ಬಿಗಿದು, ತಮ್ಮ ಕಬ್ಬಿಣದ ಅಲ್ಮೆರಾದೊಳಗಿಟ್ಟು ಬೀಗ ಹಾಕಿದರು. ಫಲಕದ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ‘ಮುಳುಗಿದ ಹಡಗಿನ ಕ್ಷೌರದ ಕತ್ತಿಗಳು ದೊರೆತಿವೆ. ವಾರಸುದಾರರು ಗುರುತು ಹೇಳಿ ಪಡೆಯತಕ್ಕದ್ದು.’

ಸಂಜೆಯೊಳಗೆ ಎದುರಿನ ಸಲೂನಿನ ಮಾಲೀಕ ಹಾಜರಾದ. ಮುಖದಲ್ಲಿ ತಲೆಮಾರುಗಳ ನೋವು ಹೊತ್ತುಕೊಂಡೇ ಬಂದಿದ್ದ.

‘ರಾಯರೇ, ಅವು ನಮ್ಮ ತಾತಂದು. ಹೊರದೇಶದಿಂದ ತರಿಸಿದ್ರು. ಹಡಗು ಬರಲೇ ಇಲ್ಲ. ಕಾದು ಕಾದು ಗಡ್ಡ ಬಿಟ್ಟೇ ಸತ್ರು.’

ಪತ್ತೆರಾಯರ ಹೃದಯ ಉಬ್ಬಿತು. ತಮ್ಮ ಊಹೆಗೆ ಸಾಕ್ಷಿ ನಡೆದುಕೊಂಡು ಬಂದಿತ್ತು. ಆದರೂ ನಿಯಮ ನಿಯಮವೇ. ‘ಹೊರಗೆ ಕಾಣದ ಗುರುತು ಹೇಳಿ.’

‘ಕಂದು ಬಣ್ಣ.’

‘ಅದು ಹೊರಗೇ ಕಾಣುತ್ತೆ.’

‘ಒಳಗೆ... ಚೂಪಾಗಿರುತ್ತೆ.’

‘ಎಲ್ಲಾ ಕತ್ತಿನೂ ಚೂಪಾಗಿರುತ್ತಪ್ಪ.’

‘ತಾತನ್ನ ಕೇಳಿ ಬರೋಣ ಅಂದ್ರೆ ಅವರಿಲ್ಲ,’ ಎಂದು ಕಣ್ಣೊರೆಸಿಕೊಂಡು ಹೋದ. ಆಮೇಲೆ ದಿನವೂ ಬಂದು ಒಂದೊಂದು ಹೊಸ ಗುರುತು ಹೇಳಿ ಹೋಗುತ್ತಿದ್ದ.

ಬಿಸಿಲು ಜೋರಾಗಿತ್ತು. ಅಲ್ಮೆರಾ ಕಬ್ಬಿಣದ್ದು, ಕೋಣೆಯ ಮಾಡು ತಗಡಿನದು. ಮೊದಲು ದೂರು ತಂದವಳು ಫಿನಾಯಿಲ್ ಅಕ್ಕ. ನಿಲ್ದಾಣ ಗುಡಿಸಿ ಒರೆಸುವವಳು, ಕಾಂಟ್ರಾಕ್ಟರನ ಕಡೆಯ ಕೆಲಸ, ಆ ಕೆಲಸದ ಮೇಲೆಯೇ ಅವಳ ಮನೆ ನಡೆಯುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಸಂಕೋಚದಿಂದ ಹೇಳಿದಳು.

‘ಅಣ್ಣ, ನಿಮ್ಮ ಕೋಣೇಲಿ ಏನೋ ವಾಸನೆ ಬರ್ತಿದೆ.’

ಪತ್ತೆರಾಯರಿಗೂ ಬರುತ್ತಿತ್ತು. ಆದರೆ ಕೊಡೆ, ಚೀಲ, ಟಿಫಿನ್ ಡಬ್ಬಿ, ಚಪ್ಪಲಿ, ಎಲ್ಲವನ್ನೂ ಗುರುತಿಸಿ ಇಟ್ಟವರು ತಾವು. ತಾವು ಗುರುತಿಸದ ವಾಸನೆಯೊಂದು ತಮ್ಮ ಕೋಣೆಯಲ್ಲಿ ಇರುವುದೆಂದರೆ ಏನರ್ಥ?

‘ನನ್ನ ಕೋಣೇಲಿ ವಾಸನೆ ಬರೋ ವಸ್ತು ಒಂದೂ ಇಲ್ಲ. ನಿನ್ನ ಮೂಗು ಕೆಟ್ಟಿರಬೇಕು, ತೋರಿಸ್ಕೋ ಹೋಗು.’

ಅವಳು ಮೂಗು ಮುಟ್ಟಿ ನೋಡಿಕೊಂಡು ಹೊರಟುಹೋದಳು. ಮಾರನೆಯ ದಿನ ಕಂಬದ ಮರೆಯಲ್ಲಿ ಅವಳು ತಲೆ ಮೇಲೆತ್ತಿ ಮೂಗಿಗೆ ಏನೋ ಹನಿ ಬಿಟ್ಟುಕೊಳ್ಳುವುದನ್ನು ಪತ್ತೆರಾಯರು ಕಂಡರು. ‘ನೆಗಡಿ. ನೀರಲ್ಲಿ ಜಾಸ್ತಿ ಹೊತ್ತು ನಿಲ್ತಾಳೆ,’ ಎಂದು ತಮ್ಮ ಪದ್ಧತಿಯಂತೆ ತೀರ್ಮಾನಿಸಿ ಮುಂದಿನ ಕೆಲಸಕ್ಕೆ ಹೋದರು.

ವಾಸನೆ ಮಾತ್ರ ತೀರ್ಮಾನಕ್ಕೆ ಕಾಯಲಿಲ್ಲ. ಅದು ಕೋಣೆ ದಾಟಿ ಚಹಾ ಅಂಗಡಿಗೆ ಬಂತು. ಅಂಗಡಿಯವನು ಕೈಯಲ್ಲಿ ಲೋಟ ಹಿಡಿದುಕೊಂಡೇ ಜಗಳಕ್ಕೆ ಬಂದ. ‘ರಾಯರೇ, ಕುಡಿದವರೆಲ್ಲಾ ಹಾಲು ಒಡೆದಿದೆ ಅಂತಿದ್ದಾರೆ. ಹಾಲೇ ಹಾಕದ ಚಹಾಕ್ಕೂ ಹಾಗೇ ಅಂತಿದ್ದಾರೆ!’ ವಿಚಾರಣೆಯ ಕಿಟಕಿಯವಳು ಮೂಗು ಹಿಡಿದು ಪ್ರಕಟಣೆ ಮಾಡತೊಡಗಿದ್ದರಿಂದ ಎಲ್ಲ ಊರೂ ಒಂದೇ ಊರಿನಂತೆ ಕೇಳಿಸಿ, ಜನ ಸಿಕ್ಕ ಬಸ್ಸು ಹತ್ತಿ ಸಿಕ್ಕಲ್ಲಿ ಇಳಿದರು. ಎಲ್ಲೆಲ್ಲಿಂದಲೋ ಬೆಕ್ಕುಗಳು ಬಂದು ಅಲ್ಮೆರಾದ ಮುಂದೆ ಭಕ್ತಿಯಿಂದ ಕುಳಿತವು. ಆ ವಸ್ತು ಯಾವುದೆಂದು ಇಡೀ ನಿಲ್ದಾಣದಲ್ಲಿ ಮೊದಲು ಸರಿಯಾಗಿ ಗುರುತಿಸಿದವು ಅವೇ. ಪತ್ತೆರಾಯರು ಮಾತ್ರ, ಪ್ರಾಣಿಗಳಿಗೆ ತಮ್ಮ ಮೇಲೆ ಹಿಂದಿನಿಂದಲೂ ಪ್ರೀತಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡರು.

ಮ್ಯಾನೇಜರು ಕರ್ಚೀಫು ಒತ್ತಿಕೊಂಡು ಬಂದು ಕೇಳಿದರು. ‘ಏನ್ರೀ ಇದು? ನಿಮಗೆ ಎಲ್ಲಾ ಗೊತ್ತಾಗುತ್ತಲ್ಲ, ಹೇಳಿ.’

ಗೊತ್ತಿಲ್ಲ ಎನ್ನುವ ಮಾತು ಪತ್ತೆರಾಯರ ನಾಲಿಗೆಗೆ ಅಭ್ಯಾಸವಿರಲಿಲ್ಲ. ‘ಮೋರಿ ಇರಬೇಕು ಸಾರ್. ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ.’

ಅಷ್ಟೇ ಹೇಳಿದ್ದು. ಆಡುವಾಗ ಅದು ಸಣ್ಣ ಮಾತು. ಸಂಜೆ ಫಿನಾಯಿಲ್ ಅಕ್ಕ ಮತ್ತೆ ಬಾಗಿಲಲ್ಲಿ ನಿಂತಾಗ ಕಣ್ಣು ಕೆಂಪಾಗಿತ್ತು.

‘ಅಣ್ಣ, ನಾಳೆಯೊಳಗೆ ವಾಸನೆ ಹೋಗದಿದ್ರೆ ಕೆಲಸದಿಂದ ತೆಗೀತಾರಂತೆ. ಮೋರೀನ ಉಜ್ಜಿ ಉಜ್ಜಿ ನನ್ನ ಕೈ ಸವೀತು, ಇನ್ನೇನು ಮಾಡ್ಲಿ? ನೀವು ವಸ್ತು ನೋಡಿ ಒಡೆಯ ಯಾರು ಅಂತ ಹೇಳ್ತೀರಲ್ಲ. ಈ ವಾಸನೆಗೆ ವಾರಸುದಾರ ಯಾರು ಅಂತ ಕಂಡುಹಿಡಿದು ಕೊಡಿ. ನಿಮ್ಮ ಕೈಲಾಗುತ್ತೆ.’

ತಮ್ಮ ವಿದ್ಯೆಯನ್ನು ಇಷ್ಟು ನಂಬಿದವರನ್ನು ಪತ್ತೆರಾಯರು ಆವರೆಗೆ ಕಂಡಿರಲಿಲ್ಲ. ‘ಹೆದರಬೇಡ, ನಾನಿದ್ದೀನಿ,’ ಎಂದು ಎದ್ದು ಕೋಣೆಯನ್ನೆಲ್ಲ ಕಣ್ಣಲ್ಲಿ ಜಾಲಾಡಿದರು. ಕೊಡೆಗಳು. ಚೀಲಗಳು. ಮೂಲೆಯಲ್ಲಿ ಯಾರೂ ಕೇಳಿಕೊಂಡು ಬಾರದ ಒಂದು ದೊಡ್ಡ ಟ್ರಂಕು, ಬೀಗ ಹಾಕಿದ್ದು, ಇಬ್ಬರು ಹೊರುವಷ್ಟು ತೂಕದ್ದು. ಪತ್ತೆರಾಯರು ಕಣ್ಣು ಕಿರಿದು ಮಾಡಿದರು. ಅವರು ಓಡಿಹೋಗಿ ಮ್ಯಾನೇಜರ ಕಿವಿಯಲ್ಲಿ ಒಂದೇ ಪದ ಹೇಳಿದರು.

‘ಹೆಣ.’

ಮ್ಯಾನೇಜರು ‘ನೋಡೋಣ’ ಎನ್ನಲಿಲ್ಲ. ಪೊಲೀಸರಿಗೆ ಫೋನ್ ಮಾಡಿದರು. ಬೆಳಿಗ್ಗೆ ಬರುತ್ತೇವೆ, ಯಾರೂ ಏನನ್ನೂ ಮುಟ್ಟಬೇಡಿ ಎಂದಿತು ಠಾಣೆ.

ಅಂದು ಪತ್ತೆರಾಯರು ಎದೆಯುಬ್ಬಿಸಿಕೊಂಡು ಮನೆಗೆ ಹೋದರು. ಕೊಲೆಯ ಸಂಗತಿಯನ್ನು ಹೆಂಡತಿಗೆ ಇನ್ನೂ ಅರ್ಧ ಹೇಳಿರಲಿಲ್ಲ, ಫೋನು ಬಂತು. ಷಡ್ಡಕನ ಮಗಳು.

‘ಚಿಕ್ಕಪ್ಪಾ! ಟೀಚರಿಗೆ ತೋರಿಸ್ದೆ. ಅದು ಚಿಪ್ಪೇ ಅಂತೆ! ರೇಜರ್ ಕ್ಲಾಮ್ ಅಂತಾರಂತೆ. ಕ್ಷೌರದ ಕತ್ತಿ ಥರ ಇರೋದಕ್ಕೇ ಆ ಹೆಸರಂತೆ. ಮರಳೊಳಗೆ ನೆಟ್ಟಗೆ ನಿಂತಿರುತ್ತಂತೆ. ತುದೀಲಿ ಮೆತ್ತಗಿತ್ತಲ್ಲ, ಅದು ಅದರ ಕಾಲಂತೆ! ಅದರಲ್ಲೇ ಮರಳು ಕೊರ್ಕೊಂಡು ಸರ್ರಂತ ಕೆಳಗೆ ಹೋಗುತ್ತಂತೆ. ಖಾಲಿ ಚಿಪ್ಪು ಬಾಯಿ ತೆರ್ಕೊಂಡಿರುತ್ತಂತೆ. ಮುಚ್ಕೊಂಡು ನೀರು ಉಗಿಯೋದೆಲ್ಲಾ ಜೀವ ಇರೋದಂತೆ.’

ಹಿಂದಿನಿಂದ ಷಡ್ಡಕನ ದನಿ ಕೇಳಿಸಿತು. ‘ಹಡಗಿನ ಕ್ಯಾಪ್ಟನ್ನು ಬದುಕಿದ್ರಾ ಕೇಳು!’

ಪತ್ತೆರಾಯರು ಫೋನು ಇಟ್ಟರು. ಎದೆ ಮೊದಲಿನ ಅಳತೆಗೆ ಇಳಿದಿತ್ತು. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

‘ಜೀವ ಇದ್ದದ್ದನ್ನೇ ಆರಿಸಿ ಆರಿಸಿ ತಂದ್ರಲ್ರೀ,’ ಎಂದಳು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಗಂಟನ್ನು ಮೆಲ್ಲಗೆ ಸಾಗಿಸಿ, ಯಾರಿಗೂ ತಿಳಿಯದಂತೆ ಮುಗಿಸಿಬಿಡುವುದೆಂದು ಪತ್ತೆರಾಯರು ನಿಶ್ಚಯಿಸಿದರು. ಆದರೆ ಹೆಣ ನೋಡುವ ಅವಕಾಶವಿದ್ದಾಗ ಊರಿಗೆ ನಿದ್ದೆ ಬರುತ್ತದೆಯೇ? ಅವರು ಹೋಗುವಷ್ಟರಲ್ಲಿ ನಿಲ್ದಾಣ ತುಂಬಿತ್ತು. ಊರು ಬಿಡಬೇಕಾದ ಬಸ್ಸುಗಳು ಖಾಲಿ ನಿಂತಿದ್ದವು, ಡ್ರೈವರುಗಳೇ ಮುಂದಿನ ಸಾಲಿನಲ್ಲಿದ್ದರು. ಚಹಾ ಅಂಗಡಿಯವನಿಗೆ ಬಹಳ ದಿನಗಳ ಮೇಲೆ ವ್ಯಾಪಾರ. ಸಲೂನಿನ ಮಾಲೀಕ ಬೆಳಗಿನ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಬಂದಿದ್ದ, ಗಿರಾಕಿಯೂ ನೊರೆ ಮೆತ್ತಿಕೊಂಡು ಜೊತೆಗೇ ಬಂದಿದ್ದ. ಇನ್‌ಸ್ಪೆಕ್ಟರರು ಟ್ರಂಕಿನ ಮುಂದೆ ನಿಂತಿದ್ದರು.

‘ಬನ್ನಿ ರಾಯರೇ,’ ಎಂದರು ಮ್ಯಾನೇಜರು ಹೆಮ್ಮೆಯಿಂದ. ‘ಸಾರ್, ಇವರೇ ಪತ್ತೆ ಮಾಡಿದ್ದು.’

ಪತ್ತೆರಾಯರು ಬಾಯಿ ತೆರೆದರು. ಅಷ್ಟು ಜನರ ಮುಂದೆ ಅದು ತಾನಾಗಿ ಮುಚ್ಚಿಕೊಂಡಿತು. ಕಾನ್‌ಸ್ಟೇಬಲ್ ಬೀಗ ಒಡೆದ.

ಒಳಗೆ ಉಣ್ಣೆಯ ಕಂಬಳಿಗಳಿದ್ದವು, ಒಂದರ ಮೇಲೊಂದು, ಅಂದವಾಗಿ ಮಡಿಸಿದ್ದವು. ಮಡಿಕೆ ಮಡಿಕೆಗೂ ನುಸಿಗುಳಿಗೆ. ಆ ವಾರ ನಿಲ್ದಾಣದಲ್ಲಿ ಬೀಸಿದ ಮೊದಲ ಒಳ್ಳೆಯ ಗಾಳಿ ಆ ಟ್ರಂಕಿನಿಂದ ಬಂತು, ಜನ ಕಣ್ಣು ಮುಚ್ಚಿ ಮೂಗಿನ ತುಂಬ ಎಳೆದುಕೊಂಡರು.

‘ಹೆಣ ಎಲ್ರೀ?’ ಎಂದರು ಇನ್‌ಸ್ಪೆಕ್ಟರರು.

ಮ್ಯಾನೇಜರ ಮುಖ ಬಿಳಿಚಿಕೊಂಡಿತು. ಅವರು ಸುತ್ತ ನೋಡಿದರು. ಬಕೆಟ್ಟು ಹಿಡಿದು ಗೋಡೆಗೊರಗಿ ನಿಂತಿದ್ದ ಫಿನಾಯಿಲ್ ಅಕ್ಕ ಕಣ್ಣಿಗೆ ಬಿದ್ದಳು. ‘ಹಾಗಾದ್ರೆ ಮೋರಿನೇ ಸಾರ್. ಎಲ್ಲಾ ಇವಳಿಂದ. ಏಯ್, ನೀನು ನಾಳೆಯಿಂದ ಬರಬೇಡ!’ ಹೂಂ, ಊಹೂಂ ಎನ್ನದ ಮನುಷ್ಯ ಸೇವೆಯಲ್ಲೇ ಮೊದಲ ಬಾರಿಗೆ ಒಂದು ಖಚಿತ ಮಾತು ಆಡಿದ್ದರು.

‘ತಡೀರಿ,’ ಎಂದರು ಇನ್‌ಸ್ಪೆಕ್ಟರರು. ‘ಈ ಬೆಕ್ಕುಗಳೆಲ್ಲಾ ಯಾಕೆ ಆ ಅಲ್ಮೆರಾ ನೋಡ್ತಾ ಕೂತಿವೆ? ಬೀಗದ ಕೈ ಕೊಡಿ.’

ಪತ್ತೆರಾಯರ ಕೈ ಜೇಬಿನಲ್ಲಿತ್ತು, ಬೀಗದ ಕೈ ಆ ಕೈಯಲ್ಲಿತ್ತು. ‘ಕ... ಕಳೆದುಹೋಗಿದೆ ಸಾರ್.’

‘ಎಲ್ಲಿ ಕಳೀತು?’

‘ಇಲ್ಲೇ ಸಾರ್.’

‘ಕಳೆದದ್ದು ಸಿಕ್ಕಿದ್ರೆ ಜನ ಎಲ್ಲಿ ತಂದು ಕೊಡ್ತಾರೆ?’

‘ಇಲ್ಲೇ ಸಾರ್.’

ನೊರೆ ಮೆತ್ತಿಕೊಂಡಿದ್ದ ಗಿರಾಕಿ ಕಿಸಕ್ಕೆಂದು ನಕ್ಕ. ಇನ್‌ಸ್ಪೆಕ್ಟರರು ಒಡೆಯುವಂತೆ ಕಾನ್‌ಸ್ಟೇಬಲ್ಲಿಗೆ ಸನ್ನೆ ಮಾಡಿದರು. ಆಗ ಫಿನಾಯಿಲ್ ಅಕ್ಕ ಬಕೆಟ್ಟು ಕೆಳಗಿಟ್ಟು, ಕೆಲಸ ಕಳೆದುಕೊಂಡ ಕಣ್ಣೀರನ್ನು ಒರೆಸಿಕೊಳ್ಳುತ್ತಲೇ ಅಡ್ಡ ಬಂದಳು.

‘ಅದನ್ನ ಒಡೀಬೇಡಿ ಸಾರ್. ಅಣ್ಣನ ಕೋಣೇಲಿ ವಾಸನೆ ಬರೋ ವಸ್ತು ಒಂದೂ ಇಲ್ಲ. ನಾನು ಕೇಳಿದ್ದೀನಿ, ಅವರೇ ಹೇಳಿದ್ದಾರೆ. ಅವರು ಸುಳ್ಳು ಹೇಳೋರಲ್ಲ.’

ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತೇನೆ ಎಂದು ಜನ ಹೇಳುವುದುಂಟು. ಸಿಮೆಂಟಿನ ನೆಲ ಎಲ್ಲಿ ಬಾಯಿ ಬಿಡುತ್ತದೆ? ಅದೂ ಫಿನಾಯಿಲ್ ಅಕ್ಕ ಉಜ್ಜಿದ ನೆಲ, ಒಂದು ಬಿರುಕು ಕೂಡ ಕಾಣುತ್ತಿರಲಿಲ್ಲ. ಪತ್ತೆರಾಯರು ಜೇಬಿನಿಂದ ಕೈ ತೆಗೆದು, ತಾವೇ ಹೋಗಿ ಬೀಗ ತೆರೆದರು.

ಆಮೇಲೆ ನಡೆದದ್ದನ್ನು ವಿವರಿಸುವುದು ಊಟಕ್ಕೆ ಕೂರುವವರಿಗೆ ಹಿತವಲ್ಲ. ಮುಂದಿನ ಸಾಲು ಹಿಂದಿನ ಸಾಲಾಯಿತು. ಬಸ್ಸುಗಳು ತುಂಬಿದವು. ಸಲೂನಿನ ಮಾಲೀಕ ‘ನಮ್ಮ ತಾತಂದು ಬೇರೆ ಹಡಗು!’ ಎಂದು ಕೂಗುತ್ತ ರಸ್ತೆ ದಾಟಿದ. ಬೆಕ್ಕುಗಳು ಮಾತ್ರ ಇಷ್ಟು ದಿನದ ತಪಸ್ಸು ಫಲಿಸಿದ ಸಂತೋಷದಲ್ಲಿ ಎದ್ದು ನಿಂತವು.

‘ಇದು ಯಾರದ್ರೀ?’ ಕರ್ಚೀಫಿನೊಳಗಿಂದ ಇನ್‌ಸ್ಪೆಕ್ಟರರು ಕಿರುಚಿದರು.

‘ನನ್ನದು ಸಾರ್.’

‘ಹೊರಗೆ ಕಾಣದ ಗುರುತು ಹೇಳ್ಬೇಕು,’ ಎಂದರು ಮ್ಯಾನೇಜರು. ಪಾಪ, ಗಾಬರಿಯಲ್ಲಿ ಬಾಯಿಪಾಠ ಹೊರಗೆ ಬಂದುಬಿಟ್ಟಿತ್ತು.

ಯಾರೂ ನಗಲಿಲ್ಲ. ಪತ್ತೆರಾಯರು ತಲೆ ತಗ್ಗಿಸಿ, ಆ ಗುರುತನ್ನು ಹೇಳಿದರು. ‘ಒಳಗೆ ಜೀವ ಇತ್ತು ಸಾರ್. ಸಮುದ್ರದ ಚಿಪ್ಪು ಇವು. ಹಡಗೂ ಇಲ್ಲ, ಕತ್ತಿನೂ ಇಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಗಿ ಏನೇನೋ ಹೇಳ್ದೆ. ನಿನ್ನೆ ಸಂಜೆ ನಿಜ ಗೊತ್ತಾಯ್ತು, ಆಗಲೂ ಬಾಯಿ ಬಿಡಲಿಲ್ಲ. ಮೋರಿ ಚೊಕ್ಕಟವಾಗಿದೆ. ಈಯಮ್ಮನ ಕೆಲಸ ತೆಗೀಬೇಡಿ. ವಾಸನೆ ನನ್ನದು.’

ಇನ್‌ಸ್ಪೆಕ್ಟರರು ಬೈದರು. ಮ್ಯಾನೇಜರು ಬೈದರು. ಬೈಯುವ ಅಧಿಕಾರವೇ ಇಲ್ಲದ ಚಹಾ ಅಂಗಡಿಯವನೂ ಬೈದ. ಫಿನಾಯಿಲ್ ಅಕ್ಕ ಕೆಲಸದಲ್ಲಿ ಉಳಿದಳು, ಅದನ್ನು ಇನ್‌ಸ್ಪೆಕ್ಟರರೇ ನಿಂತು ಮ್ಯಾನೇಜರ ಬಾಯಿಂದ ಹೇಳಿಸಿದರು. ಗಂಟನ್ನು ತಂದಲ್ಲಿಗೇ ಮುಟ್ಟಿಸಬೇಕೆಂದು ಅಪ್ಪಣೆಯಾಯಿತು. ಯಾವ ಕಂಡಕ್ಟರನೂ ಹತ್ತಿಸಿಕೊಳ್ಳದ ಕಾರಣ ಪತ್ತೆರಾಯರು ನಡೆದೇ ಹೊರಟರು. ಕೈಯಲ್ಲಿ ಗಂಟು, ಹಿಂದೆ ಬೆಕ್ಕುಗಳ ಮೆರವಣಿಗೆ, ಅಂಗಡಿ ಅಂಗಡಿಯ ಬಾಗಿಲಲ್ಲೂ ಜನ. ‘ಹೋಗಿಬನ್ನಿ ಕ್ಯಾಪ್ಟನ್!’ ಎಂದು ಯಾರೋ ಕೂಗಿದರು, ಷಡ್ಡಕನ ಮಾತು ಅಷ್ಟರಲ್ಲೇ ಅಲ್ಲಿಗೂ ತಲುಪಿತ್ತು. ದಡದಲ್ಲಿ ಮರಳು ತೋಡಿ ಎಲ್ಲವನ್ನೂ ಹೂತು, ನೀರಲ್ಲಿ ಕೈ ತೊಳೆದು ಅವರು ಹಿಂತಿರುಗಿದರು.

ಬರುವಾಗ ಫಿನಾಯಿಲ್ ಅಕ್ಕ ಅವರ ಕೋಣೆ ಒರೆಸುತ್ತಿದ್ದಳು. ಪತ್ತೆರಾಯರು ಬಟ್ಟೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ತಾವೇ ಮಂಡಿಯೂರಿ ಒರೆಸತೊಡಗಿದರು. ಅವಳು ಬೇಡ ಬೇಡವೆಂದಳು. ಆಮೇಲೆ ಬಕೆಟ್ಟನ್ನು ಅವರತ್ತ ಸರಿಸಿದಳು. ಮೊದಲಿನ ಸಂಕೋಚದಿಂದಲೇ ಕೇಳಿದಳು.

‘ಅಣ್ಣ, ಹಾಗಾದ್ರೆ ನನ್ನ ಮೂಗು ಸರಿಯಾಗಿದೆಯಾ?’

ಪತ್ತೆರಾಯರು ತಲೆಯೆತ್ತಿದರು. ಅವಳು ಸೊಂಟದ ಸಂಚಿಯಿಂದ ಒಂದು ಪುಟ್ಟ ಸೀಸೆ ತೆಗೆದು ತೋರಿಸಿದಳು.

‘ಮೂಗು ಕೆಟ್ಟಿದೆ, ತೋರಿಸ್ಕೋ ಅಂದ್ರಲ್ಲ ಅವತ್ತು. ಹೋಗಿದ್ದೆ. ಡಾಕ್ಟರಿಗೆ ಏನೂ ಕಾಣಲಿಲ್ಲ. ಇಲ್ಲ ಡಾಕ್ಟ್ರೇ, ನಮ್ಮ ಅಣ್ಣ ಹೇಳಿದ್ದಾರೆ ಅಂದ್ರೆ ಕೆಟ್ಟೇ ಇರುತ್ತೆ ಅಂತ ನಾನೇ ಹಟ ಮಾಡಿ ಬರೆಸ್ಕೊಂಡೆ. ದಿನಾ ಬಿಟ್ಕೋತಿದ್ದೀನಿ. ತುಂಬಾ ಉರಿಯುತ್ತಣ್ಣ. ಇನ್ನು ನಿಲ್ಲಿಸಬಹುದಾ?’

ಅಷ್ಟು ಜನರ ಬೈಗುಳಕ್ಕೆ ನೆಟ್ಟಗೆ ನಿಂತಿದ್ದ ಪತ್ತೆರಾಯರಿಗೆ ಈ ಪ್ರಶ್ನೆಯ ಮುಂದೆ ಮುಖ ಎತ್ತಲಾಗಲಿಲ್ಲ. ಅಷ್ಟು ವರ್ಷ ಅವಳನ್ನು ನೀನು ಎಂದೇ ಕರೆದವರು, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ ಹೇಳಿದರು.

‘ನಿಲ್ಲಿಸಿಬಿಡಿ ಅಕ್ಕ. ನಿಮ್ಮ ಮೂಗು ಸರಿಯಾಗಿಯೇ ಇತ್ತು.’